ಉತ್ತರ ಕೊಡದ ಡಿಸ್ಕು

“ಗುರುಗಳೇ, ತಪ್ಪು ಒಪ್ಪಿಕೊಂಡರೆ ಮನಸ್ಸು ಹಗುರಾಗುತ್ತದೆ ಎನ್ನುತ್ತೀರಿ. ನನ್ನಿಂದ ಒಂದು ತಪ್ಪಾಗಿತ್ತು. ಅದನ್ನು ಒಪ್ಪಿಕೊಂಡೆ. ಮನಸ್ಸು ಹಗುರಾಗಲಿಲ್ಲ. ಏಕೆ?”

ಬೆಳಗಿನ ಪಾಠ ಮುಗಿದಿತ್ತು. ಉಳಿದವರು ಎದ್ದು ಹೋಗಿದ್ದರು. ಈ ಶಿಷ್ಯ ಒಬ್ಬನೇ ಕುಳಿತಿದ್ದ. ಯಾವ ತಪ್ಪು ಎಂದು ಗುರು ಕೇಳಲಿಲ್ಲ. “ಒಂದು ಆಸ್ಪತ್ರೆಯ ಕತೆ ಹೇಳುತ್ತೇನೆ. ಅದರಲ್ಲಿ ಕಂಪ್ಯೂಟರಿನ ಮಾತು ಬರುತ್ತದೆ” ಎಂದರು.

“ನನಗೆ ಕಂಪ್ಯೂಟರ್ ಗೊತ್ತಿಲ್ಲ ಗುರುಗಳೇ.”

“ಗೊತ್ತಿರಬೇಕಿಲ್ಲ. ಕೇಳು.”

ಗುರು ಹೇಳಿದ ಕತೆ ಇದು.

ಒಂದು ಊರಿನ ಆಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಒಬ್ಬನಿದ್ದ. ತಿಪ್ಪೇಶ ಅವನ ಹೆಸರು. ಒಂಬತ್ತು ವರ್ಷದಿಂದ ಆ ಕೆಲಸದಲ್ಲಿದ್ದ. ಒಳ್ಳೆಯ ಕೆಲಸಗಾರ. ಸುಳ್ಳು ಹೇಳುವವನಲ್ಲ, ಸೋಮಾರಿಯೂ ಅಲ್ಲ. ಯಾರಾದರೂ ಕರೆದರೆ ಊಟದ ತಟ್ಟೆ ಬಿಟ್ಟು ಏಳುವವನು.

ಆಸ್ಪತ್ರೆಯ ಒಳಗೆ ಒಂದು ಚಿಕ್ಕ ಕೋಣೆಯಿತ್ತು. ಅದನ್ನು ಯಾವಾಗಲೂ ತಂಪಾಗಿ ಇಡುತ್ತಿದ್ದರು. ಅಲ್ಲಿ ಒಂದು ಸರ್ವರ್. ಹನ್ನೆರಡು ವರ್ಷದಿಂದ ಆ ಆಸ್ಪತ್ರೆಯಲ್ಲಿ ತೆಗೆದ ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳೆಲ್ಲ ಅದರಲ್ಲಿದ್ದವು. ರೋಗಿ ಬಂದು ಎದುರು ಕುಳಿತರೆ ವೈದ್ಯರು ತಮ್ಮ ಮೇಜಿನ ಮೇಲೆಯೇ ಅವನ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಪಕ್ಕಪಕ್ಕದಲ್ಲಿ ತೆರೆದು ನೋಡುತ್ತಿದ್ದರು. ಗಡ್ಡೆ ಬೆಳೆದಿದೆಯೋ, ಕರಗಿದೆಯೋ, ಮೂಳೆ ಕೂಡಿದೆಯೋ, ಎಲ್ಲವೂ ಅದರಿಂದಲೇ ತಿಳಿಯುತ್ತಿತ್ತು.

ಸರ್ವರಿನಲ್ಲಿ ಎಂಟು ಡಿಸ್ಕುಗಳಿದ್ದವು. ಚಿತ್ರಗಳು ಅವುಗಳಲ್ಲಿ ಹಂಚಿಕೊಂಡು ಇರುತ್ತಿದ್ದವು. ಡಿಸ್ಕುಗಳಿಗೂ ಸರ್ವರಿಗೂ ನಡುವೆ ಅಡಾಪ್ಟರ್ ಎನ್ನುವ ಒಂದು ಕಾರ್ಡ್. ಸರ್ವರ್ ಏನೇ ಬೇಕೆಂದರೂ ಆ ಕಾರ್ಡಿಗೆ ಹೇಳಬೇಕು. ಕಾರ್ಡ್ ಡಿಸ್ಕಿನಿಂದ ತಂದು ಕೊಡಬೇಕು. ಆ ಕಾರ್ಡಿನ ಜೊತೆ ಹೇಗೆ ಮಾತಾಡಬೇಕು ಎಂದು ಸರ್ವರಿಗೆ ತಾನಾಗಿ ತಿಳಿಯದು. ಅದಕ್ಕೆ ಒಂದು ಚಿಕ್ಕ ಪ್ರೋಗ್ರಾಮ್ ಬೇಕು. ಅದನ್ನು ಡ್ರೈವರ್ ಎನ್ನುತ್ತಾರೆ. ಎರಡು ಊರಿನವರ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸುವ ದುಭಾಷಿಯ ಕೆಲಸ ಅದರದು.

ಆ ಕೋಣೆಯನ್ನು ಶುಚಿ ಮಾಡುತ್ತಿದ್ದವಳು ದುರುಗಮ್ಮ. ನಲವತ್ತೈದು ದಾಟಿದ ಹೆಂಗಸು. ಏಳು ವರ್ಷದಿಂದ ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೆ ಬರುವಳು. ಚಪ್ಪಲಿ ಹೊರಗೆ ಬಿಡುವಳು. ಅಲ್ಲಿ ನೀರು ತಾಗಬಾರದೆಂದು ಮೊದಲ ದಿನ ತಿಪ್ಪೇಶ ಹೇಳಿದ್ದ. ಅಂದಿನಿಂದ ಆ ಕೋಣೆಗೆಂದೇ ಒಂದು ಒಣ ಬಟ್ಟೆಯನ್ನು ಬೇರೆಯಾಗಿ ಇಟ್ಟುಕೊಂಡಿದ್ದಳು. ಅದನ್ನು ಬೇರೆ ಯಾವ ಕೋಣೆಗೂ ಬಳಸುತ್ತಿರಲಿಲ್ಲ. ಕೆಲಸ ಮುಗಿಸಿ, “ಆಯಿತು ಸರ್” ಎಂದು ಹೇಳಿ ಹೋಗುವಳು. ಏಳು ವರ್ಷದಲ್ಲಿ ಇಬ್ಬರ ನಡುವೆ ಅದಕ್ಕಿಂತ ಹೆಚ್ಚು ಮಾತು ನಡೆದದ್ದು ಕಡಿಮೆ.

ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ವೈದ್ಯರ ಕೋಣೆಗಳಿಂದ ಒಂದರ ಹಿಂದೆ ಒಂದು ಫೋನು ಬಂತು. ಚಿತ್ರ ಅರ್ಧ ತೆರೆದು ನಿಂತುಬಿಟ್ಟಿದೆ ಎಂದರು. ತಿಪ್ಪೇಶ ಓಡಿದ. ಸರ್ವರ್ ತಾನು ಮಾಡಿದ್ದನ್ನೆಲ್ಲ ತಾನೇ ಬರೆದಿಟ್ಟುಕೊಳ್ಳುತ್ತದೆ. ಅದನ್ನು ಲಾಗ್ ಎನ್ನುತ್ತಾರೆ. ತೆರೆದು ನೋಡಿದ. ಮೂರನೆಯ ಡಿಸ್ಕು ಉತ್ತರ ಕೊಡುತ್ತಿಲ್ಲ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಸರ್ವರನ್ನು ನಿಲ್ಲಿಸಿ ಮತ್ತೆ ಶುರು ಮಾಡಿದ. ಸರಿಹೋಯಿತು.

ಗುರುವಾರ ಮತ್ತೆ ಅದೇ ಹೊತ್ತಿಗೆ ಅದೇ ಆಯಿತು.

ಮೂರನೆಯ ಡಿಸ್ಕು ಕೆಟ್ಟಿದೆ ಎಂದು ತಿಪ್ಪೇಶ ತೀರ್ಮಾನಿಸಿದ. ಅದನ್ನು ಹೊರಗೆಳೆದು ಹೊಸದನ್ನು ಹಾಕಿದ. ಹೊಸ ಡಿಸ್ಕು ಹಾಕಿದರೆ ಉಳಿದ ಏಳರಿಂದ ಲೆಕ್ಕ ಹಾಕಿ ಅದನ್ನು ತುಂಬಿಸಬೇಕು. ಅದಕ್ಕೆ ಒಂದು ಹಗಲು ಒಂದು ರಾತ್ರಿ ಬೇಕು. ಆ ಹೊತ್ತಿನಲ್ಲಿ ಇನ್ನೊಂದು ಡಿಸ್ಕು ಕೈಕೊಟ್ಟರೆ ಎಲ್ಲ ಚಿತ್ರಗಳೂ ಹೋದಂತೆ. ಬೇರೆ ಕಟ್ಟಡದಲ್ಲಿ ಒಂದು ನಕಲು ಇತ್ತು, ನಿಜ. ಆದರೆ ಅದರಿಂದ ಮರಳಿ ತರಲು ವಾರವೇ ಹಿಡಿಯುತ್ತಿತ್ತು. ಅಷ್ಟು ದಿನ ಆಸ್ಪತ್ರೆ ಕುರುಡಾಗಿ ಕೂರಬೇಕು. ತಿಪ್ಪೇಶ ಆ ದಿನ ಸರಿಯಾಗಿ ಉಣ್ಣಲಿಲ್ಲ.

ಡಿಸ್ಕು ತುಂಬಿತು. ಶನಿವಾರ, ಭಾನುವಾರ, ಸೋಮವಾರ ಹಬ್ಬದ ರಜೆ. ಮೂರು ದಿನ ಏನೂ ಆಗಲಿಲ್ಲ. ಅವನು ನೆಮ್ಮದಿಯ ಉಸಿರು ಬಿಟ್ಟ. ಮಂಗಳವಾರ ಒಂಬತ್ತೂವರೆಗೆ ಆರನೆಯ ಡಿಸ್ಕು ಉತ್ತರ ಕೊಡುತ್ತಿಲ್ಲ ಎಂದು ಲಾಗ್ ಹೇಳಿತು.

ಆರನೆಯದನ್ನು ತೆಗೆದ. ಆಮೇಲೆ ಲಾಗ್ ಐದನೆಯದರ ಹೆಸರು ಹೇಳಿತು, ಅದನ್ನೂ ತೆಗೆದ. ವೈರುಗಳನ್ನು ಬದಲಿಸಿದ. ಅಡಾಪ್ಟರ್ ಕಾರ್ಡನ್ನು ಬಿಚ್ಚಿ ಒರೆಸಿ ಮತ್ತೆ ಕೂರಿಸಿದ. ಕರೆಂಟಿನ ಏರಿಳಿತವಿರಬಹುದೆಂದು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅಳೆಸಿದ. ಅವನು ಏನೂ ದೋಷವಿಲ್ಲ ಎಂದ. ತಿಪ್ಪೇಶನಿಗೆ ಅವನ ಮೇಲೂ ನಂಬಿಕೆ ಹುಟ್ಟಲಿಲ್ಲ.

ಮನುಷ್ಯನಿಗೆ ಕಾರಣ ಸಿಗದಿದ್ದರೆ ಕಣ್ಣು ಸುಮ್ಮನಿರುವುದಿಲ್ಲ. ತಿಪ್ಪೇಶನ ಕಣ್ಣಿಗೆ ಒಂದು ಸಂಗತಿ ಬಿತ್ತು. ತೊಂದರೆ ಬರುವುದು ಒಂಬತ್ತೂವರೆಗೆ. ದುರುಗಮ್ಮ ಕೋಣೆ ಗುಡಿಸಿ ಹೋಗುವುದು ಒಂಬತ್ತೂಕಾಲಿಗೆ. ಹಬ್ಬದ ರಜೆಯಲ್ಲಿ ಅವಳು ಬಂದಿರಲಿಲ್ಲ. ಆ ಮೂರು ದಿನ ತೊಂದರೆಯೂ ಬಂದಿರಲಿಲ್ಲ.

ಆ ವಾರದ ಸಭೆಯಲ್ಲಿ ಆಸ್ಪತ್ರೆಯ ದೊಡ್ಡ ಡಾಕ್ಟರು ಕೇಳಿದರು. ಅವರು ವಯಸ್ಸಾದ ಹೆಂಗಸು. ಆಸ್ಪತ್ರೆ ಕಟ್ಟಿ ಬೆಳೆಸಿದವರು. “ಏನಪ್ಪಾ ಇದು? ಮೂರು ಡಿಸ್ಕು ಬದಲಿಸಿದೆ. ಇನ್ನೂ ನಿಂತಿಲ್ಲ. ಕಾರಣ ಏನು?”

ಸಭೆಯಲ್ಲಿ ಹದಿನಾಲ್ಕು ಜನರಿದ್ದರು. ಎಲ್ಲರೂ ಅವನ ಮುಖ ನೋಡುತ್ತಿದ್ದರು. ಗೊತ್ತಿಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. “ಕೋಣೆ ಗುಡಿಸುವಾಗ ಹಿಂದಿನ ವೈರು ಅಲುಗಾಡಿರಬಹುದು” ಎಂದ.

ಅವನು ಹೇಳಿದ್ದು ‘ಇರಬಹುದು’ ಎಂದು ಮಾತ್ರ. ಆದರೆ ಆ ಮಾತು ಸಭೆಯ ಬಾಗಿಲು ದಾಟುವಷ್ಟರಲ್ಲಿ ಅದರ ಬಾಲ ಕತ್ತರಿಸಿ ಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಕೆಲಸದವರ ಮೇಲ್ವಿಚಾರಕ ದುರುಗಮ್ಮನನ್ನು ಕರೆದು, ಇನ್ನು ಮೇಲೆ ಒಳಗಿನ ಕೋಣೆಗಳ ಕಡೆ ಬರಬೇಡ, ಯಂತ್ರವಿರುವ ಕಡೆ ಕೈ ಇಡಬೇಡ, ಹಿಂದಿನ ಬಟ್ಟೆ ಒಗೆಯುವ ಕಟ್ಟೆಯ ಕಡೆಗೆ ಹೋಗು ಎಂದ.

ಅವಳು ನೇರವಾಗಿ ತಿಪ್ಪೇಶನ ಬಳಿಗೆ ಬಂದಳು. ಬಾಗಿಲಿನ ಹೊರಗೇ ನಿಂತಳು.

“ಸರ್, ನಾನು ಯಾವ ವೈರು ಮುಟ್ಟಿದೆ ಅಂತ ಒಂದು ಸಲ ತೋರಿಸಿ. ಗೊತ್ತಾದರೆ ಇನ್ನೊಂದು ಸಲ ಮುಟ್ಟುವುದಿಲ್ಲ.”

“ನೀವು ಮುಟ್ಟಿದಿರಿ ಅಂತ ನಾನು ಹೇಳಿಲ್ಲ ದುರುಗಮ್ಮ. ತಾಗಿರಬಹುದು ಅಂದೆ.”

“ತಾಗಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲವಾ ಸರ್?”

“ಗೊತ್ತಾಗದ ಹಾಗೂ ತಾಗಬಹುದು.”

ಅವಳು ತನ್ನ ಎರಡು ಕೈಗಳನ್ನೂ ಒಮ್ಮೆ ನೋಡಿಕೊಂಡಳು. ಹೊರಟು ಹೋದಳು. ತಿಪ್ಪೇಶನಿಗೆ ಒಳಗೆ ಏನೋ ಚುಚ್ಚಿತು. ಆದರೆ ಅವನ ಮುಂದೆ ಐದನೆಯ ಡಿಸ್ಕು ತುಂಬುತ್ತಿತ್ತು. ಅವನು ಅದರ ಕಡೆ ತಿರುಗಿದ.

ಮುಂದಿನ ನಾಲ್ಕು ದಿನ ಸರ್ವರ್ ಸರಿಯಾಗಿ ನಡೆಯಿತು. ಹಿರಿಯ ವೈದ್ಯರಲ್ಲಿ ಮೂವರು ಸಮ್ಮೇಳನಕ್ಕೆಂದು ಬೇರೆ ಊರಿಗೆ ಹೋಗಿದ್ದರು. ಅವರ ಕೋಣೆಗಳು ಮುಚ್ಚಿದ್ದವು. ತಿಪ್ಪೇಶ ಅದನ್ನು ಗಮನಿಸಲಿಲ್ಲ. ದುರುಗಮ್ಮ ಬರುವುದು ನಿಂತ ಮೇಲೆ ತೊಂದರೆಯೂ ನಿಂತಿತು ಎಂದು ಎಲ್ಲರೂ ಹೇಳಿದರು. ಅವನೂ ಹಾಗೆಯೇ ನಂಬಿದ. ನಂಬಲು ಅನುಕೂಲವಾದ ಮಾತನ್ನು ಯಾರೂ ಎರಡು ಸಲ ತೂಗುವುದಿಲ್ಲ.

ಐದನೆಯ ದಿನ ವೈದ್ಯರು ಮರಳಿ ಬಂದರು. ಆ ಬೆಳಿಗ್ಗೆ ಕಲ್ಲುಗಣಿಯ ಕೆಲಸಗಾರನೊಬ್ಬನಿಗೆ ತಲೆಯ ಶಸ್ತ್ರಚಿಕಿತ್ಸೆ ಇತ್ತು. ಎರಡು ವರ್ಷದ ಹಿಂದೆ ಅವನ ತಲೆಯಿಂದ ಒಂದು ಗಡ್ಡೆ ತೆಗೆದಿದ್ದರು. ಈಗ ಅದೇ ಜಾಗದಲ್ಲಿ ಮತ್ತೊಂದು ಕಾಣಿಸಿತ್ತು. ಹಳೆಯ ಚಿತ್ರವನ್ನು ಪಕ್ಕದಲ್ಲಿ ಇಟ್ಟುಕೊಂಡು ಕೆಲಸ ಮಾಡಬೇಕು. ರೋಗಿಗೆ ಅರಿವಳಿಕೆ ಕೊಟ್ಟಾಗಿತ್ತು. ಶಸ್ತ್ರವೈದ್ಯರು ಪರದೆಯ ಕಡೆ ನೋಡಿದರು. ಚಿತ್ರ ಕಾಲುಭಾಗ ಬಂದು ನಿಂತಿತು.

ತಿಪ್ಪೇಶ ಸರ್ವರಿನ ಕೋಣೆಗೆ ಓಡಿದ. ಎರಡನೆಯ ಡಿಸ್ಕು ಉತ್ತರ ಕೊಡುತ್ತಿಲ್ಲ ಎಂದು ಲಾಗ್ ಹೇಳುತ್ತಿತ್ತು. ಸರ್ವರನ್ನು ನಿಲ್ಲಿಸಿ ಶುರು ಮಾಡಲು ಹನ್ನೊಂದು ನಿಮಿಷ ಬೇಕು. ಆ ಹನ್ನೊಂದು ನಿಮಿಷ ಅವನು ಕೋಣೆಯಲ್ಲಿ ನಿಂತೇ ಇದ್ದ. ಎದುರಿಗೇ ಇದ್ದ ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಆ ಕೆಲಸಗಾರನ ಹೆಂಡತಿ ಕುಳಿತಿದ್ದಳು. ಒಳಗಿನಿಂದ ಯಾರೋ ಓಡಿ ಬಂದದ್ದನ್ನೂ, ಒಳಗೆ ಯಾರೋ ಓಡಿ ಹೋದದ್ದನ್ನೂ ನೋಡಿ ಅವಳು ಎದ್ದು ನಿಂತಿದ್ದಳು. ಯಾರನ್ನು ಕೇಳಬೇಕೆಂದು ಅವಳಿಗೆ ತಿಳಿಯಲಿಲ್ಲ. ಅರ್ಧ ತೆರೆದ ಬಾಗಿಲಿನಿಂದ ತಿಪ್ಪೇಶ ಅವಳನ್ನು ನೋಡಿದ.

ಸರ್ವರ್ ಎದ್ದಿತು. ಚಿತ್ರ ತೆರೆಯಿತು. ಶಸ್ತ್ರಚಿಕಿತ್ಸೆ ನಡೆಯಿತು. ಆ ಮನುಷ್ಯ ಬದುಕಿದ. ಹನ್ನೆರಡು ದಿನ ಕಳೆದು ನಡೆದುಕೊಂಡೇ ಮನೆಗೆ ಹೋದ.

ಆದರೆ ತಿಪ್ಪೇಶ ಆ ಕೋಣೆಯಲ್ಲಿ ಕುಳಿತವನು ಏಳಲಿಲ್ಲ. ದುರುಗಮ್ಮ ಐದು ದಿನದಿಂದ ಈ ಕಡೆ ಬಂದಿಲ್ಲ. ಕೋಣೆಗೆ ಬೇರೆ ಯಾರೂ ಕಾಲಿಟ್ಟಿಲ್ಲ. ನೆಲದ ಮೇಲೆ ಧೂಳು ಹಾಗೆಯೇ ಇತ್ತು. ಹಾಗಾದರೆ ವೈರು ಅಲುಗಿಸಿದವರು ಯಾರು?

ಈ ಸಲ ಅವನು ಡಿಸ್ಕು ತೆಗೆಯಲಿಲ್ಲ. ಒಂದು ಸರಳ ಪ್ರಶ್ನೆ ಕೇಳಿಕೊಂಡ. ಎಂಟು ಡಿಸ್ಕುಗಳಲ್ಲಿ ನಾಲ್ಕು ಒಂದರ ಹಿಂದೆ ಒಂದು ಕೆಡುತ್ತವೆಯೇ? ಒಂದೇ ತರಗತಿಯ ನಾಲ್ಕು ಮಕ್ಕಳು ದಿನಕ್ಕೊಬ್ಬರಂತೆ ಕಿವುಡರಾದರೆ, ಮಕ್ಕಳ ಕಿವಿಯನ್ನು ಎಷ್ಟು ದಿನ ನೋಡುವುದು? ಕೂಗಿ ಕರೆಯುತ್ತಿರುವವನ ಗಂಟಲನ್ನು ಒಮ್ಮೆಯಾದರೂ ನೋಡಬೇಡವೇ?

ಲಾಗ್ ತೆರೆದ. ಇಷ್ಟು ದಿನ ಅವನು ಕೆಂಪಕ್ಷರದ ಸಾಲುಗಳನ್ನು ಮಾತ್ರ ಓದಿದ್ದ. ಈಗ ಎಲ್ಲ ಸಾಲುಗಳನ್ನೂ ಕೊನೆಯಿಂದ ಹಿಂದಕ್ಕೆ ಓದುತ್ತ ಹೋದ. ಕೆಂಪು ಸಾಲಿನ ಮುಂಚೆ ಪ್ರತಿಸಲವೂ ಒಂದು ಹಳದಿ ಸಾಲಿತ್ತು. ಅಡಾಪ್ಟರ್‌ಗೆ ಕಳಿಸಿದ ಮಾತು ಸಕಾಲದಲ್ಲಿ ಮುಗಿಯಲಿಲ್ಲ, ಅಡಾಪ್ಟರನ್ನು ಮತ್ತೆ ಶುರು ಮಾಡಲಾಗುತ್ತಿದೆ ಎಂದು ಡ್ರೈವರ್ ಬರೆದಿತ್ತು. ಅಡಾಪ್ಟರ್ ಹಾಗೆ ಮತ್ತೆ ಶುರುವಾಗುವಾಗ ಯಾವ ಡಿಸ್ಕಿನ ಸರದಿ ಇತ್ತೋ ಆ ಡಿಸ್ಕು ಉತ್ತರ ಕೊಡಲಿಲ್ಲ ಎಂದು ಕೆಂಪಿನಲ್ಲಿ ಬರುತ್ತಿತ್ತು. ಡಿಸ್ಕುಗಳು ಉತ್ತರ ಕೊಡಲು ಸಿದ್ಧವಾಗಿಯೇ ಇದ್ದವು. ಅವುಗಳನ್ನು ಕೇಳಬೇಕಾದ ದುಭಾಷಿಯೇ, ಆ ಡ್ರೈವರೇ, ನಡುವೆ ತಡವರಿಸುತ್ತಿತ್ತು.

ಒಂಬತ್ತೂವರೆಯ ಗುಟ್ಟೂ ತಿಳಿಯಿತು. ಎಲ್ಲ ವೈದ್ಯರೂ ರೋಗಿಗಳನ್ನು ನೋಡಲು ಕೂರುವುದು ಆ ಹೊತ್ತಿಗೆ. ಎಲ್ಲರೂ ಒಟ್ಟಿಗೆ ಚಿತ್ರ ಕೇಳುತ್ತಾರೆ. ಹೊರೆ ಹೆಚ್ಚಾದಾಗ ಡ್ರೈವರ್ ಎಡವುತ್ತದೆ. ರಜೆಯಲ್ಲಿ ಎಡವಲಿಲ್ಲ, ವೈದ್ಯರು ಊರಲ್ಲಿಲ್ಲದಾಗ ಎಡವಲಿಲ್ಲ. ದುರುಗಮ್ಮ ಬಂದುಹೋಗುವುದಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಅವನು ಇನ್ನೂ ಹಿಂದಕ್ಕೆ ಹೋದ. ಮೊದಲ ಹಳದಿ ಸಾಲು ಎಂದು ಬಂತು? ಆ ಮಂಗಳವಾರವಲ್ಲ. ಅದಕ್ಕೂ ಹದಿನೈದು ದಿನ ಮುಂಚಿನ ಒಂದು ಸೋಮವಾರ. ಆ ಹದಿನೈದು ದಿನ ಅಡಾಪ್ಟರ್ ಎಡವಿದರೂ ತಾನೇ ಸುಧಾರಿಸಿಕೊಂಡಿತ್ತು, ಅದರಿಂದ ಯಾರಿಗೂ ತಿಳಿದಿರಲಿಲ್ಲ. ಆ ಸೋಮವಾರದ ಹಿಂದೆ ಒಂದೇ ಒಂದು ಹಳದಿ ಸಾಲೂ ಇರಲಿಲ್ಲ.

ಆ ಸೋಮವಾರದ ಹಿಂದಿನ ದಿನ ಏನು ನಡೆಯಿತು? ಸರ್ವರಿಗೆ ಏನೇ ಬದಲಾವಣೆ ಮಾಡಿದರೂ ಬರೆದಿಡಲು ಒಂದು ನೋಟುಬುಕ್ಕು ಇತ್ತು. ತೆರೆದ. ಭಾನುವಾರದ ತಾರೀಕಿನ ಮುಂದೆ ಎರಡು ಸಾಲುಗಳಿದ್ದವು. ‘ಸಿಸ್ಟಮ್ ಅಪ್‌ಡೇಟ್ ಮಾಡಿದೆ. ಅಡಾಪ್ಟರ್ ಡ್ರೈವರ್ ಹೊಸದು ಹಾಕಿದೆ.’ ಅಕ್ಷರ ಅವನದೇ. ಕೆಳಗಿದ್ದ ಸಹಿಯೂ ಅವನದೇ.

ಆ ಭಾನುವಾರ ಅವನಿಗೆ ನೆನಪಾಯಿತು. ತಂಗಿಯ ಮಗುವಿನ ನಾಮಕರಣ ಇತ್ತು. ಬೇಗ ಮುಗಿಸಿ ಹೋಗಬೇಕಿತ್ತು. ಹೊಸ ಡ್ರೈವರಿನ ಜೊತೆ ಎರಡು ಪುಟದ ಸೂಚನೆ ಬಂದಿತ್ತು. ಮೊದಲ ಪುಟ ಓದಿದ್ದ. ಈಗ ಎರಡನೆಯ ಪುಟವನ್ನೂ ಓದಿದ. ಈ ಡ್ರೈವರ್ ಹಾಕುವ ಮೊದಲು ಕಾರ್ಡಿನೊಳಗಿರುವ ಪ್ರೋಗ್ರಾಮನ್ನೂ ಹೊಸದು ಮಾಡಬೇಕು, ಇಲ್ಲವಾದರೆ ಹೊರೆ ಹೆಚ್ಚಾದಾಗ ಎರಡಕ್ಕೂ ಹೊಂದಾಣಿಕೆ ಆಗದು ಎಂದು ಅದರ ನಾಲ್ಕನೆಯ ಸಾಲಿನಲ್ಲಿತ್ತು.

ತಿಪ್ಪೇಶ ಎಲ್ಲ ಕಡೆ ಹುಡುಕಿದ್ದ. ಡಿಸ್ಕಿನಲ್ಲಿ ಹುಡುಕಿದ್ದ, ವೈರಿನಲ್ಲಿ ಹುಡುಕಿದ್ದ, ಕರೆಂಟಿನಲ್ಲಿ ಹುಡುಕಿದ್ದ, ಒಬ್ಬ ಹೆಂಗಸಿನ ಕೈಯಲ್ಲೂ ಹುಡುಕಿದ್ದ. ತಾನು ಮಾಡಿದ ಕೆಲಸದಲ್ಲಿ ಮಾತ್ರ ಹುಡುಕಿರಲಿಲ್ಲ. ಅಲ್ಲಿ ತಪ್ಪಿರಬಹುದೆಂದು ಅವನಿಗೆ ಹೊಳೆದಿರಲೂ ಇಲ್ಲ. ಅದಕ್ಕಾಗಿ ಅವನನ್ನು ಬೈಯಬೇಡ. ನಾವು ಮಾಡಿದ ಕೆಲಸ ನಮಗೆ ಮುಗಿದ ಕೆಲಸದ ಹಾಗೆ ಕಾಣುತ್ತದೆ. ಮುಗಿದದ್ದನ್ನು ಯಾರು ತಿರುಗಿ ನೋಡುತ್ತಾರೆ?

ಅದೇ ದಿನ ಸಂಜೆ ವೈದ್ಯರೆಲ್ಲ ಎದ್ದ ಮೇಲೆ ಒಂದು ಗಂಟೆ ಸರ್ವರ್ ನಿಲ್ಲಿಸಲು ಅನುಮತಿ ಪಡೆದ. ಹೊಸ ಡ್ರೈವರನ್ನು ತೆಗೆದು ಹಳೆಯದನ್ನು ಮರಳಿ ಹಾಕಿದ. ಮರುದಿನ ಒಂಬತ್ತೂವರೆಗೆ ಲಾಗಿನ ಮುಂದೆ ಕುಳಿತ. ಎಲ್ಲ ಕೋಣೆಗಳಿಂದ ಚಿತ್ರಗಳನ್ನು ಕೇಳಿದರು, ಎಲ್ಲ ಚಿತ್ರಗಳೂ ಹೋದವು. ಒಂದು ಹಳದಿ ಸಾಲೂ ಬರಲಿಲ್ಲ. ತೆಗೆದಿಟ್ಟಿದ್ದ ಮೂರು ಡಿಸ್ಕುಗಳನ್ನು ಬೇರೆ ಕಂಪ್ಯೂಟರಿಗೆ ಹಾಕಿ ಪರೀಕ್ಷಿಸಿದ. ಮೂರೂ ಚೆನ್ನಾಗಿದ್ದವು.

ಈಗ ಅವನು ಸುಮ್ಮನಿದ್ದುಬಿಡಬಹುದಿತ್ತು. ಡಿಸ್ಕು ಬದಲಿಸಿದ್ದರಿಂದ, ಗುಡಿಸುವವಳನ್ನು ದೂರ ಇಟ್ಟದ್ದರಿಂದ ಎಲ್ಲ ಸರಿಹೋಯಿತು ಎಂದು ಜನ ತಾವೇ ಹೇಳಿಕೊಳ್ಳುತ್ತಿದ್ದರು. ನೋಟುಬುಕ್ಕನ್ನು ತೆರೆದು ನೋಡುವವರು ಬೇರೆ ಯಾರೂ ಇರಲಿಲ್ಲ. ಆದರೆ ಅವನು ಸುಮ್ಮನಿರಲಿಲ್ಲ. ದೊಡ್ಡ ಡಾಕ್ಟರ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ನಡೆದದ್ದನ್ನೆಲ್ಲ ಹೇಳಿದ. ಎರಡನೆಯ ಪುಟದ ಸಂಗತಿಯನ್ನೂ ಬಚ್ಚಿಡಲಿಲ್ಲ.

ಅವರು ಪೂರ್ತಿ ಕೇಳಿದರು. “ನೀನಾಗಿ ಬಂದು ಹೇಳಿದೆಯಲ್ಲ, ಅದು ದೊಡ್ಡದು. ಸರಿಹೋಯಿತು ತಾನೆ? ಇನ್ನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ” ಎಂದರು.

ಇಲ್ಲಿ ಗುರು ನಿಲ್ಲಿಸಿದರು.

“ಹಾಗಾದರೆ ಕತೆ ಮುಗಿಯಿತಲ್ಲ ಗುರುಗಳೇ” ಎಂದ ಶಿಷ್ಯ.

“ಅವನೂ ಹಾಗೆಯೇ ತಿಳಿದ” ಎಂದು ಗುರು ಮುಂದುವರಿಸಿದರು.

ಮನಸ್ಸು ಹಗುರಾಗುತ್ತದೆ ಎಂದು ತಿಪ್ಪೇಶ ಕಾದ. ಆಗಲಿಲ್ಲ. ಊಟ ರುಚಿಸಲಿಲ್ಲ. ಹೆಂಡತಿ ಏನಾದರೂ ಕೇಳಿದರೆ ಒಂದು ಮಾತಿನಲ್ಲಿ ಉತ್ತರ ಕೊಡುತ್ತಿದ್ದ. ದೇವರಿಗೂ ಕೈ ಮುಗಿದ. ಎಲ್ಲ ಹೇಳಿಯಾಯಿತು, ಇನ್ನೇನು ಉಳಿದಿದೆ ಎಂದು ಅವನಿಗೆ ತಿಳಿಯಲಿಲ್ಲ.

ಒಂದು ದಿನ ಮಧ್ಯಾಹ್ನ ಹಿಂದಿನ ಕಟ್ಟಡದಲ್ಲಿ ಕಂಪ್ಯೂಟರೊಂದನ್ನು ನೋಡಲು ಹೊರಟ. ದಾರಿಯಲ್ಲಿ ಬಟ್ಟೆ ಒಗೆಯುವ ಕಟ್ಟೆ. ಅದಕ್ಕೆ ಹೊಂದಿಕೊಂಡ ಕೋಣೆಯಲ್ಲಿ ದುರುಗಮ್ಮ ಒಗೆದ ಹೊದಿಕೆಗಳನ್ನು ಮಡಚುತ್ತಿದ್ದಳು. ಒಳಗೆ ಕತ್ತಲಾಗಿತ್ತು. ಕೈಗೆ ಎಟುಕುವ ಹಾಗೆ ಗೋಡೆಯಲ್ಲಿ ದೀಪದ ಸ್ವಿಚ್ಚು ಇತ್ತು. ಅವಳು ಅದನ್ನು ಒತ್ತಲಿಲ್ಲ. ಅಂಗಳದಲ್ಲಿದ್ದ ಇನ್ನೊಬ್ಬಳನ್ನು ಕರೆದು, “ಒಸಿ ದೀಪ ಹಾಕೇ” ಎಂದಳು.

ಆ ಇನ್ನೊಬ್ಬಳು ನಗುತ್ತ ಬಂದಳು. “ಒಳ್ಳೆಯದಾಯಿತು ಕರೆದದ್ದು. ನೀನು ಮುಟ್ಟಿದ್ದರೆ ಊರಿಗೆ ಊರೇ ಕತ್ತಲಾಗುತ್ತಿತ್ತು” ಎಂದಳು. ಅಂಗಳದಲ್ಲಿದ್ದವರೆಲ್ಲ ನಕ್ಕರು. ಅದು ಕೆಟ್ಟ ನಗೆಯಲ್ಲ. ದಿನವೂ ನಡೆಯುವ ತಮಾಷೆಯಾಗಿಬಿಟ್ಟಿತ್ತು. ದುರುಗಮ್ಮನೂ ನಕ್ಕಳು. ಆಗ ತಿಪ್ಪೇಶ ಬಾಗಿಲಲ್ಲಿ ನಿಂತದ್ದು ಅವಳಿಗೆ ಕಂಡಿತು. ನಗು ನಿಂತಿತು. ಅವನ ಹೆಗಲಿನಲ್ಲಿ ಕಂಪ್ಯೂಟರಿನ ಸಾಮಾನಿನ ಚೀಲವಿತ್ತು. ಅವಳು ಎರಡು ಹೆಜ್ಜೆ ಹಿಂದೆ ಸರಿದು, ಎರಡು ಕೈಗಳನ್ನೂ ಸೆರಗಿನೊಳಗೆ ಸುತ್ತಿಕೊಂಡು, ಗೋಡೆಗೆ ಒರಗಿ ಅವನಿಗೆ ದಾರಿ ಬಿಟ್ಟಳು.

ತಿಪ್ಪೇಶ ಮುಂದೆ ಹೋಗಲಿಲ್ಲ. ಚೀಲವನ್ನು ಕೆಳಗಿಟ್ಟ. ಅವಳನ್ನು ಪಕ್ಕಕ್ಕೆ ಕರೆದು ಹೇಳೋಣ ಎಂದು ಮೊದಲು ಅನಿಸಿತು. ಆದರೆ ಅವಳ ಮೇಲಿನ ಮಾತು ಹದಿನಾಲ್ಕು ಜನರ ನಡುವೆ ಹುಟ್ಟಿತ್ತು, ಈಗ ಅಂಗಳದ ತುಂಬ ಬೆಳೆದಿತ್ತು. ಪಕ್ಕಕ್ಕೆ ಕರೆದು ಹೇಳಿದರೆ ಅದು ಪಕ್ಕದಲ್ಲೇ ಉಳಿಯುತ್ತದೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದ.

“ದುರುಗಮ್ಮ, ಸರ್ವರ್ ಕೆಟ್ಟದ್ದು ನಿಮ್ಮಿಂದಲ್ಲ. ನನ್ನಿಂದ. ವೈರು ಅಲುಗಿರಲೇ ಇಲ್ಲ. ಅದರೊಳಗೆ ಡ್ರೈವರ್ ಅಂತ ಒಂದು ಇರುತ್ತದೆ. ಅದನ್ನು ತಪ್ಪಾಗಿ ಹಾಕಿದ್ದೆ.”

ಅಂಗಳದವರು ಕೈಯ ಕೆಲಸ ಬಿಟ್ಟು ಇತ್ತ ತಿರುಗಿದರು. ಅವಳು ಸೆರಗಿನಿಂದ ಕೈಗಳನ್ನು ಹೊರತೆಗೆದಳು.

“ಹಾಕಿದ್ದು ಯಾರು ಸರ್?”

“ನಾನೇ.”

“ಯಾವತ್ತು?”

“ಸರ್ವರ್ ಕೆಟ್ಟಿತಲ್ಲ ಆ ಮಂಗಳವಾರ, ಅದಕ್ಕಿಂತ ಹದಿನಾರು ದಿನ ಮುಂಚೆ.”

“ಹದಿನಾರು ದಿನ” ಎಂದಳು ಅವಳು. ಮಡಚುತ್ತಿದ್ದ ಹೊದಿಕೆಯನ್ನು ಕೈಗೆತ್ತಿಕೊಂಡಳು. ಮತ್ತೆ ಕೆಳಗಿಟ್ಟಳು. “ನನ್ನ ಮಗಳು ಕೇಳಿದಳು ಸರ್, ನಿಜವಾಗಿಯೂ ನೀನೇ ಕೆಡಿಸಿದೆಯಾ ಅಮ್ಮ ಅಂತ. ಮೊದಮೊದಲು ಇಲ್ಲ ಅಂದೆ. ಆಮೇಲೆ ಎಲ್ಲರೂ ಹೇಳಿ ಹೇಳಿ, ಇರಬಹುದೇನೋ ಅಂತ ನನಗೇ ಅನಿಸಿತು. ಹೌದು ಕಣೇ, ನನ್ನ ಕೈಯಿಂದಲೇ ಆಗಿರಬೇಕು ಅಂದುಬಿಟ್ಟೆ.”

ಮಾಡದ ತಪ್ಪನ್ನು ಅವಳು ಒಪ್ಪಿಕೊಂಡಿದ್ದಳು, ಅದೂ ತನ್ನ ಮಗಳ ಮುಂದೆ. ಅವನು ಸಭೆಯಲ್ಲಿ ಆಡಿದ ಒಂದು ಮಾತು ಅವಳ ಮನೆಯ ಒಳಗಿನವರೆಗೂ ಹೋಗಿತ್ತು. ದೊಡ್ಡ ಡಾಕ್ಟರ ಮುಚ್ಚಿದ ಬಾಗಿಲಿನ ಹಿಂದೆ ಹೇಳಿದ್ದು ಅಲ್ಲಿಗೆ ತಲುಪುವುದು ಹೇಗೆ?

“ಮಗಳಿಗೆ ನಾನೇ ಹೇಳುತ್ತೇನೆ” ಎಂದ.

“ಹೇಳಿ” ಎಂದಳು ಅವಳು. ಬೇಡ ಎನ್ನಲಿಲ್ಲ. ಸೊಂಟದಿಂದ ಫೋನು ತೆಗೆದು, ಮಗಳಿಗೆ ಹಚ್ಚಿ, ಅವನ ಕೈಗೆ ಕೊಟ್ಟಳು. ತಿಪ್ಪೇಶ ಅಂಗಳದ ನಡುವೆ ನಿಂತು, ತಾನು ಯಾರು, ಏನು ಮಾಡಿದೆ, ಏನು ಹೇಳಿದೆ, ಎಲ್ಲವನ್ನೂ ಆ ಹುಡುಗಿಗೆ ಮೊದಲಿನಿಂದ ಹೇಳಿದ. ಕೊನೆಗೆ ಅವಳು, “ಸರಿ. ಅಮ್ಮನಿಗೆ ಕೊಡಿ” ಎಂದಳು. ತಾಯಿ ಮಗಳು ಏನು ಮಾತಾಡಿದರು ಎಂದು ಅವನಿಗೆ ಕೇಳಲಿಲ್ಲ. ಅವನು ದೂರ ಸರಿದು ನಿಂತಿದ್ದ.

ಮುಂದಿನ ಸಭೆಯಲ್ಲಿ ಹದಿನಾಲ್ಕು ಜನರ ಮುಂದೆಯೂ ಹೇಳಿದ. ಕೆಲವರು ತಲೆ ತಗ್ಗಿಸಿದರು. ಒಬ್ಬಿಬ್ಬರು ಅವನನ್ನು ಬೇರೆ ರೀತಿಯಲ್ಲಿ ನೋಡತೊಡಗಿದರು. ಅವನ ಹೆಸರಿಗೆ ಒಂದು ಕಪ್ಪುಚುಕ್ಕೆ ಬಿದ್ದದ್ದು ನಿಜ. ಅದನ್ನು ಅವನು ಒರೆಸಲು ಹೋಗಲಿಲ್ಲ.

ಮೇಲ್ವಿಚಾರಕ ದುರುಗಮ್ಮನನ್ನು ಮತ್ತೆ ಒಳಗಿನ ಕೋಣೆಗಳಿಗೆ ಕಳಿಸಿದ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅವಳು ಒಣ ಬಟ್ಟೆ ಹಿಡಿದು ಬಂದಳು. ಬಾಗಿಲಲ್ಲಿ ನಿಂತು, “ಒಳಗೆ ಬರಲಾ ಸರ್?” ಎಂದಳು. ಏಳು ವರ್ಷ ಅವಳು ಹಾಗೆ ಕೇಳಿದವಳಲ್ಲ.

“ಬನ್ನಿ ಅಮ್ಮ. ನೀವು ಕೇಳಬೇಕಿಲ್ಲ” ಎಂದ ತಿಪ್ಪೇಶ.

ಅವಳು ತಲೆಯಾಡಿಸಿದಳು. ಕೋಣೆ ಗುಡಿಸಿದಳು. ಮಾರನೆಯ ದಿನ ಮತ್ತೆ ಕೇಳಿದಳು. ಅದರ ಮಾರನೆಯ ದಿನವೂ ಕೇಳಿದಳು. ಅವಳು ಆ ಆಸ್ಪತ್ರೆಯಲ್ಲಿ ಇದ್ದಷ್ಟು ಕಾಲ ಪ್ರತಿದಿನವೂ ಬಾಗಿಲಲ್ಲಿ ನಿಂತು ಕೇಳಿಯೇ ಒಳಗೆ ಬಂದಳು. ಪ್ರತಿದಿನವೂ ತಿಪ್ಪೇಶ ತನ್ನ ಕೆಲಸ ಬಿಟ್ಟು ಎದ್ದು ನಿಂತು, “ಬನ್ನಿ ಅಮ್ಮ” ಎಂದ.

ಗುರು ಕತೆ ಮುಗಿಸಿದರು.

“ಅವಳು ಅವನನ್ನು ಕ್ಷಮಿಸಿದಳೇ ಗುರುಗಳೇ?” ಎಂದು ಶಿಷ್ಯ ಕೇಳಿದ.

ಗುರು ಅವನ ಮುಖವನ್ನು ನೋಡಿದರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ.

“ನೀನು ಒಪ್ಪಿಕೊಂಡದ್ದು ಯಾರ ಮುಂದೆ?”

ಶಿಷ್ಯ ಎದ್ದು ಕೈ ಮುಗಿದು, ತನ್ನ ತಪ್ಪಿನಿಂದ ನೊಂದವರ ಮನೆಯ ದಾರಿ ಹಿಡಿದ.